ಕಾಯಿಸಿಕೊಳ್ಳುವವಳು

ಮುಂಜಾನೆ ಎಮ್ಮೆ ಹಿಂಡಲು ಕೂತಿದ್ದೆ. ಹಾಲು ಇನ್ನೂ ತಂಬಿಗೆಯ ತಳ ಮುಚ್ಚಿರಲಿಲ್ಲ, ಅಷ್ಟರಲ್ಲಿ ಹಿಂದಿನಿಂದ ಬ್ರಾಹ್ಮಿಯ ದನಿ ಕೇಳಿತು.

“ಅಣ್ಣಾಸಾಬ ಮಾಮಾ, ಹಗ್ಗ ಬಿಡ್ರಿ. ನಾ ವಾರ್ಡ ಅದೀನಿ!”

ಎಮ್ಮೆ ಬೆಚ್ಚಿ ಕಾಲು ಝಾಡಿಸಿತು. ತಂಬಿಗೆ ಉರುಳಿತು.

ಅಣ್ಣಾಸಾಬರು ನಮ್ಮ ಸದಲಗಾದ ದನದ ವ್ಯಾಪಾರಿ. ಎಮ್ಮೆಯ ಕರುವನ್ನು ಖರೀದಿಸಿ ಒಯ್ಯಲು ಸಂಜೆ ಬರುತ್ತೇನೆ ಎಂದಿದ್ದವರು ಬೆಳಿಗ್ಗೆಯೇ ಬಂದಿದ್ದರು. ಎರಡೆರಡು ಜೀವಕ್ಕೆ ಮೇವು ಹೊಂದಿಸುವುದು ನನ್ನಿಂದ ಆಗುತ್ತಿರಲಿಲ್ಲ. ಈಗ ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಒಂಬತ್ತು ವರ್ಷದ ಬ್ರಾಹ್ಮಿಯ ಕೈಯಲ್ಲಿ. ಕರು ನಡುವೆ ನಿಂತು ಹಗ್ಗವನ್ನೇ ಮೆಲ್ಲುತ್ತಿತ್ತು.

“ಎಷ್ಟನೇ ವಾರ್ಡವಾ ನೀ? ಇಲೆಕ್ಷನ್ನಿಗೆ ನಿಂತೀಯೇನ?”

“ಆ ವಾರ್ಡ ಅಲ್ರಿ. ಕೋರ್ಟಿನ ವಾರ್ಡ. ಬೇಕಾದ್ರ ಚಿಕ್ಕೋಡಿಗೆ ಹೋಗಿ ಕೇಳ್ರಿ.”

ಬ್ರಾಹ್ಮಿ ನನ್ನ ಅಕ್ಕನ ಮಗಳು, ನಾನು ಅವಳ ಮಾವಶಿ. ಅಕ್ಕ, ಭಾವ ಇಬ್ಬರೂ ತೀರಿಕೊಂಡ ಮೇಲೆ ನನ್ನ ಹತ್ತಿರವೇ ಇದ್ದಾಳೆ. ಈ ಎಮ್ಮೆಯೂ ಅವಳ ಹಿಂದೆಯೇ ಬಂದದ್ದು. ಮೊನ್ನೆ ಚಿಕ್ಕೋಡಿ ಕೋರ್ಟು, ಅವಳಿಗೆ ಹದಿನೆಂಟು ತುಂಬುವವರೆಗೆ ನಾನೇ ಪಾಲಕಳು ಎಂದು ಆದೇಶ ಕೊಟ್ಟಿತು. ಹೊರಗೆ ಬಂದಾಗ ನಮ್ಮ ವಕೀಲರಾದ ಶುಭಾಂಗಿಯವರು ಅವಳಿಗೆ ಕಬ್ಬಿನ ಹಾಲು ಕುಡಿಸುತ್ತ ಎಲ್ಲ ಬಿಡಿಸಿ ಹೇಳಿದ್ದರು: ಕಾಯಿದೆಯ ಇಂಗ್ಲಿಷಿನಲ್ಲಿ ನೀನು ‘ವಾರ್ಡ್’. ಅದು ಕಾವಲು ಎನ್ನುವ ಹಳೆಯ ಮಾತು, ‘ಗಾರ್ಡ್’ ಕೂಡ ಅದೇ ಬೇರಿನದು. ಹಿಂದೆ ಇಂಗ್ಲೆಂಡಿನಲ್ಲಿ ದೊಡ್ಡ ಜಮೀನುದಾರ ಸತ್ತರೆ ಅವನ ಎಳೆಯ ಮಗುವನ್ನು ರಾಜ ಕಾಯುತ್ತಿದ್ದ. ಮಗು ದೊಡ್ಡದಾಗುವವರೆಗೆ ಹೊಲದ ಪೀಕೂ ರಾಜನಿಗೇ. ಈಗ ಹಾಗಿಲ್ಲ. ಕೋರ್ಟನ್ನು ಕೇಳದೆ ಪಾಲಕರು ನಿನ್ನ ಅಪ್ಪ ಬಿಟ್ಟುಹೋದ ಹೊಲ ಮಾರುವಂತಿಲ್ಲ.

ಅವತ್ತಿನಿಂದ ಇವಳ ಕಾರಭಾರ ಶುರುವಾಯಿತು. ಶಾಲೆಗೆ ಎಬ್ಬಿಸಿದರೆ, “ಕೋರ್ಟಿಗೆ ಕೇಳೀಯೇನ?” ಹಾಗಲಕಾಯಿ ಬಡಿಸಿದರೆ, “ಜಡ್ಜ್ ಸಾಹೇಬ್ರು ಹೂಂ ಅಂದಾರೇನ?” ಕಿಲಕಿಲ ನಗುತ್ತಾಳೆ. ನಗು ಮುಗಿದ ಮೇಲೆ ಮಾತ್ರ ನನ್ನ ಮುಖವನ್ನೇ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಕೇಳಬೇಕಾದ್ದು ಬೇರೆ ಏನೋ ಇದೆ ಎಂದು ನನಗೆ ಗೊತ್ತಾಗಿತ್ತು. ತಾನಾಗಿ ಬರಲಿ ಎಂದು ಕಾಯುತ್ತಿದ್ದೆ.

“ಅದು ಹೊಲದ ಮಾತು, ಬ್ರಾಹ್ಮಿ. ಎಮ್ಮಿದಲ್ಲ,” ಎಂದೆ.

“ಹೊಲಾ ಎಲ್ಲೂ ಓಡಿ ಹೋಗೂದಿಲ್ಲ, ಅದಕ್ಕ ಇಷ್ಟ ಕಾಯ್ದೆ. ಕರಾಕ್ಕ ನಾಕ್ ಕಾಲ ಅದಾವ. ಇದಕ್ಕೆಷ್ಟ ಇರಬೇಕು?”

ಅಣ್ಣಾಸಾಬರು ಹಗ್ಗ ಬಿಟ್ಟು ಕೈ ಮುಗಿದರು. “ತಂಗೀ, ಇದನ್ನ ಒಯ್ದ್ರ ನಾ ಜೇಲಿಗೆ ಹೋಗೂದು ಖರೇ. ಇರ್ಲಿ ಬಿಡು, ಮೇವು ನಮ್ಮ ಹೊಲದಾಗಿಂದು ಕೊಯ್ಕೊಂಡ ಹೋಗು. ಇದು ದೊಡ್ಡದಾಗಿ ಈದಾಗ ಒಂದ ವಾಟಿ ಗಿಣ್ಣ ಕಳಸು.”

ಅವರು ನಗುತ್ತ ಹೋದರು. ನಾನು ತಂಬಿಗೆ ತೊಳೆದಿಟ್ಟು, ಶಾಲೆಗೆ ಹೊತ್ತಾಯಿತೆಂದು ಬ್ರಾಹ್ಮಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಜಡೆ ಹಾಕತೊಡಗಿದೆ. ಗೆದ್ದವಳು ಇಷ್ಟು ಸುಮ್ಮನೆ ಕೂರುವುದುಂಟೇ?

“ಮಾವಶಿ, ಆ ರಾಜ ಹುಡುಗೂರು ದೊಡ್ಡಾವ್ರಾದಮ್ಯಾಲೆ ಏನ ಮಾಡ್ತಿದ್ದ?”

“ಅವರ ಹೊಲ ಅವರಿಗೆ ಕೊಟ್ಟ ಕಳಸ್ತಿದ್ದ.”

“ಕಳಸ್ತಿದ್ದ?”

“ಹೂಂ.”

ಅಂದ ಮೇಲೆ, ಇಷ್ಟು ದಿನ ಅವಳ ಬಾಯಿಗೆ ಬಂದು ನಿಲ್ಲುತ್ತಿದ್ದದ್ದು ಇದೇ ಎಂದು ನನಗೆ ಹೊಳೆಯಿತು. ಕರು ಬಂದು ಅವಳ ಮೊಣಕಾಲು ನೆಕ್ಕಿತು, ಅವಳು ನಗಲಿಲ್ಲ. ರಿಬ್ಬನ್ ಕಟ್ಟುವ ಮೊದಲೇ ಗಕ್ಕನೆ ತಿರುಗಿದಳು. ಅರ್ಧ ಹೆಣೆದ ಜಡೆ ನನ್ನ ಕೈಯಿಂದ ಜಾರಿತು.

“ಹದಿನೆಂಟ ತುಂಬಿದ ಮರುದಿನ ಮುಂಜಾನೆ ನನ್ನ ಜಡಿ ಯಾರ ಹಾಕ್ತಾರ, ಮಾವಶಿ?”