ಎರಡನೇ ತಿರುವಿನ ಲುದೋಮಿರ್

ಲುದೋಮಿರ್ ಸ್ಕೀಬಾ ಬಲಕ್ಕೆ ತಿರುಗುವವರಲ್ಲ. ಅವರ ಮನೆಯ ಮೆಟ್ಟಿಲಿಳಿದು ಬಲಗಡೆ ಮೂವತ್ತು ಹೆಜ್ಜೆ ಹಾಕಿದರೆ ಬ್ರೆಡ್ಡಿನ ಅಂಗಡಿ ಸಿಗುತ್ತದೆ. ಆದರೂ ಅವರು ಎಡಕ್ಕೆ ಹೊರಟು, ಔಷಧದಂಗಡಿಯನ್ನು ದಾಟಿ, ಸಂತ ಫ್ಲೋರಿಯಾನನ ಕಲ್ಲಿನ ಮೂರ್ತಿಯ ಬಳಿ ಮತ್ತೆ ಎಡಕ್ಕೆ ಹೊರಳಿ, ಶಾಲೆಯ ಹಿಂಗೋಡೆಯ ಗುಂಟ ನಡೆದು, ಇಡೀ ಕೇರಿಗೊಂದು ಅಪ್ರದಕ್ಷಿಣೆ ಹಾಕಿಯೇ ಅಂಗಡಿ ಸೇರುತ್ತಾರೆ. ಹೋಗುವುದಕ್ಕೆ ಕಾಲು ಗಂಟೆ, ಬರುವುದಕ್ಕೆ ಅರೆ ನಿಮಿಷ. "ಮೋಟಾರು ಸೈಕಲ್ಲು ನೋಡೋರು ನೀವು, ಓಡಿಸೋರಲ್ಲ, ಬಲಕ್ಕೆ ತಿರುಗಿದ್ರೆ ಏನ್ ಬಿದ್ದೋಗ್ತೀರಾ?" ಎಂದು ಅಂಗಡಿಯವಳು ಕಿಚಾಯಿಸಿದರೆ, "ಅದು ಈ ಕಾಲಿಗೆ ಹೇಗಮ್ಮ ಗೊತ್ತಾಗ್ಬೇಕು?" ಎನ್ನುತ್ತಾರೆ, ಬಹಳ ಗಂಭೀರವಾಗಿ.

ನಮ್ಮ ಓಲ್ಶಿನೊದಲ್ಲಿ ಇದನ್ನು ಯಾರೂ ಹುಚ್ಚು ಎನ್ನುವುದಿಲ್ಲ. ನಮ್ಮೂರಿನ ಭಾನುವಾರಗಳೆಲ್ಲ ಎಡಕ್ಕೇ ತಿರುಗುತ್ತವೆ. ಚರ್ಚಿನ ಗಂಟೆ ನಿಂತು, ಮನೆಮನೆಯ ಕೋಳಿಸಾರು ಮುಗಿದು, ಲಿಂಡೆನ್ ಮರಗಳ ನೆರಳು ರಸ್ತೆಗೆ ಬೀಳುವ ಹೊತ್ತಿಗೆ ಊರಿಗೆ ಊರೇ ಕ್ರೀಡಾಂಗಣದ ಕಡೆ ಹರಿಯತೊಡಗುತ್ತದೆ. ಬ್ರೇಕೇ ಇಲ್ಲದ ನಾಲ್ಕು ಬೈಕುಗಳು, ತಂಡಕ್ಕಿಬ್ಬರಂತೆ ನಾಲ್ವರು ಸವಾರರು, ಮಣ್ಣಿನ ಅಂಡಾಕಾರದ ಹಾದಿಯಲ್ಲಿ ಸದಾ ಎಡಕ್ಕೇ ತಿರುಗುವ ನಾಲ್ಕು ಸುತ್ತು. ಒಂದು ನಿಮಿಷದಲ್ಲಿ ಎಲ್ಲ ಮುಗಿದು, ಎಂಜಿನ್ನಿಗೆ ಹಾಕುವ ಹರಳೆಣ್ಣೆ ಸುಟ್ಟ ವಾಸನೆಯೂ ಕೆಂಧೂಳಿನ ತೆರೆಯೊಂದೂ ಗಾಳಿಯಲ್ಲಿ ಉಳಿಯುತ್ತವೆ. ಅಂಥ ಹದಿನೈದು ಓಟಗಳು ಮುಗಿದರೆ ಒಂದು ಪಂದ್ಯ. ಸ್ಪೀಡ್‌ವೇ ಎಂದರೆ ಇಷ್ಟೇ. ಇಷ್ಟಕ್ಕಾಗಿ ನಾವು ಬದುಕುತ್ತೇವೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ.

ಲುದೋಮಿರ್ ಅವರ ಜಾಗ ಎರಡನೇ ತಿರುವಿನ ತಂತಿಬೇಲಿಯ ಬಳಿ. ಸವಾರರು ಎಡದಿಂದ ಬರುತ್ತಾರಾದ್ದರಿಂದ ಅವರ ಕತ್ತು ನಲವತ್ತೊಂದು ವರ್ಷ ಆ ಕಡೆಗೇ ಬಾಗಿ ಬಾಗಿ ಈಗ ಅಲ್ಲೇ ನಿಂತುಬಿಟ್ಟಿದೆ. ಎದುರಿಗಿದ್ದವರ ಜೊತೆ ಮಾತಾಡುವಾಗಲೂ ಯಾರೋ ಇನ್ನೇನು ಬರಲಿದ್ದಾರೆ ಎಂಬಂತೆ ಅತ್ತಲೇ ನೋಡುತ್ತಿರುತ್ತಾರೆ. ಮೈಮೇಲೆ ಮೊಣಕಾಲು ಮುಟ್ಟುವ ಒಂದು ಕೋಟು. ಅದರ ಮೂಲ ಬಣ್ಣ ಅವರ ಹೆಂಡತಿ ತೆಯೋಫಿಲಾಗೆ ಮಾತ್ರ ಗೊತ್ತು. ಏಪ್ರಿಲ್‌ನ ಮೊದಲ ಪಂದ್ಯದಿಂದ ಅಕ್ಟೋಬರಿನ ಕೊನೆಯ ಪಂದ್ಯದವರೆಗೆ ಅದನ್ನು ಕೊಡವಕೂಡದು ಎಂಬುದು ಮನೆಯ ಕಟ್ಟಳೆ. ಅಕ್ಟೋಬರಿನಲ್ಲೊಂದು ದಿನ ಆಕೆ ಅದನ್ನು ಬಾಲ್ಕನಿಯ ಕಂಬಿಗೆ ನೇತುಹಾಕಿ, ಬಡಿಯುವ ಕೋಲಿನಿಂದ ಗಂಡನ ಮೇಲಿನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಾರೆ. ಉದುರಿದ ಮಣ್ಣು ಕುಂಡಗಳಲ್ಲಿನ ಜೆರೇನಿಯಂ ಗಿಡಗಳಿಗೆ ಹೋಗುತ್ತದೆ. ಆ ಬೀದಿಯಲ್ಲಿ ಅಷ್ಟು ಚೆನ್ನಾಗಿ ಹೂಬಿಡುವ ಜೆರೇನಿಯಂ ಇನ್ನೊಂದಿಲ್ಲ.

ಕೋಟಿನ ಎಡ ಜೇಬಿನಲ್ಲಿ ಮೂರು ಪೆನ್ಸಿಲ್, ಬಲ ಜೇಬಿನಲ್ಲಿ ಆ ದಿನದ ಕಾರ್ಯಪತ್ರಿಕೆ. ಪ್ರತಿ ಓಟದ ಬಳಿಕ ಸವಾರರ ಹೆಸರಿನ ಮುಂದಿನ ಚೌಕದಲ್ಲಿ ಗೆದ್ದವನಿಗೆ ಮೂರು, ಆಮೇಲಿನವರಿಗೆ ಎರಡು, ಒಂದು, ಸೊನ್ನೆ ಎಂದು ತುಂಬುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಆದರೆ ಲುದೋಮಿರ್ ಅವರ ಪತ್ರಿಕೆ ಎಂದರೆ ಅದು ಬೇರೆಯೇ. ನಲವತ್ತೊಂದು ವರ್ಷದಲ್ಲಿ ಒಂದು ಚೌಕ ಖಾಲಿ ಬಿದ್ದಿಲ್ಲ, ಒಂದು ಅಂಕ ತಪ್ಪಿಲ್ಲ. "ಕಣ್ಣಾರೆ ಕಂಡಿದ್ದನ್ನ ಬರೀಬೇಕು. ಕಾಣದ್ದನ್ನ ಬರೆದ್ರೆ ಅದು ಚಾಡಿ," ಎನ್ನುವರು. ಒಮ್ಮೆ ಜಿಲ್ಲೆಯ ದಿನಪತ್ರಿಕೆಯಲ್ಲಿ ಬಂದ ಫಲಿತಾಂಶಕ್ಕೂ ಇವರದಕ್ಕೂ ತಾಳೆಯಾಗಲಿಲ್ಲ. ವಾರದ ಮೇಲೆ ತಪ್ಪೊಪ್ಪಿಗೆ ಅಚ್ಚು ಹಾಕಿದ್ದು ಪತ್ರಿಕೆಯವರು.

ಇಷ್ಟು ಕರಾರುವಾಕ್ಕಾದ ಮನುಷ್ಯ ಪಂದ್ಯದ ನಡುವೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುವುದನ್ನು, ಪಕ್ಕದಲ್ಲೇ ನಿಲ್ಲುವ ನಾನು ಎಷ್ಟೋ ಸಲ ಕಂಡಿದ್ದೇನೆ. ಅವರು ಮೂವತ್ತು ವರ್ಷ ಬಟ್ಟೆಗಿರಣಿಯಲ್ಲಿ ಮಗ್ಗಗಳ ಮೇಲ್ವಿಚಾರಣೆ ಮಾಡಿದವರು. ನೂರು ಮಗ್ಗಗಳ ಅಬ್ಬರದ ನಡುವೆ ನಿಂತು ಇಂಥ ಸಾಲಿನ ಇಂಥ ಮಗ್ಗದಲ್ಲಿ ಎಳೆ ಸಡಿಲಾಗಿದೆ ಎಂದು ಕಿವಿಯಿಂದಲೇ ಹೇಳುತ್ತಿದ್ದರಂತೆ. ಆ ಅಬ್ಬರ ಅವರ ಬಲಗಿವಿಯನ್ನು ತೆಗೆದುಕೊಂಡಿತು, ಎಡಗಿವಿಯನ್ನು ಅದು ಹೇಗೋ ಬಿಟ್ಟಿತು. ಆ ಒಂದೇ ಕಿವಿಗೆ, ನಮ್ಮ ಕ್ಲಬ್ಬಿನದಿರಲಿ ಎದುರಾಳಿಗಳದಿರಲಿ, ಒಂದೊಂದು ಎಂಜಿನ್ನೂ ಬೇರೆ ಬೇರೆ. ಅದರಲ್ಲೂ ಗುಸ್ತೆಕ್‌ನದು. ನಮ್ಮೂರಿನಲ್ಲೇ ಹುಟ್ಟಿ, ಇದೇ ಮಣ್ಣಿನಲ್ಲಿ ಬಿದ್ದು ಎದ್ದು ಕಲಿತ ಸವಾರ ಈಗ ಅವನೊಬ್ಬನೇ. ಅವನ ಎಂಜಿನ್ನನ್ನು ಕ್ಲಬ್ಬಿನ ಹಳೆಯ ಮೆಕ್ಯಾನಿಕ್ ಕೈಯಾರೆ ಹದಗೊಳಿಸಿದ್ದ. ತಿರುವಿನ ತುದಿಯಲ್ಲಿ ಅದು ಒಂದು ಕ್ಷಣ ಗಂಟಲು ಕಟ್ಟಿದಂತಾಗಿ ಮತ್ತೆ ಬಿಚ್ಚಿಕೊಂಡು ಹಾಡುತ್ತದೆ. "ನೋಡು, ಉಸಿರು ಎಳ್ಕೊಂಡ," ಎಂದು ಲುದೋಮಿರ್ ಕಣ್ಣು ಮುಚ್ಚಿಯೇ ಮುಗುಳ್ನಗುವರು. ಆಗ ಅವರ ಮುಖ ನಿದ್ದೆಯಲ್ಲಿ ನಗುವ ಕೂಸಿನದು.

ಇಂಥ ಕನಸಿನೊಳಕ್ಕೆ ರೊಗಾಲಾ ಕಾಲಿಟ್ಟ. ಕ್ಲಬ್ಬಿನ ಅಧ್ಯಕ್ಷನಾಗಿ ಮೂರು ವರ್ಷವಾಯಿತು. ಕೆಟ್ಟವನೇನಲ್ಲ, ಸದಾ ನಗುಮುಖ, ಅದೇ ತೊಂದರೆ. ನಮ್ಮ ಕ್ಲಬ್ಬಿನ ಲಾಂಛನ ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಆಧುನಿಕವಾಗಬೇಕೆಂದು ಅದನ್ನು ಬೇರೆ ಬರೆಸಿದ. ಅದೀಗ ಬಾತುಕೋಳಿಯಂತೆ ಕಾಣುತ್ತದೆ. ಎರಡನೇ ತಿರುವಿನ ಬೆಂಚುಗಳನ್ನು ಕೀಳಿಸಿ ಅತಿಥಿಗಳಿಗೆ ಗಾಜಿನ ಕೋಣೆ ಕಟ್ಟಿಸಿದ. ಫಲಿತಾಂಶ ಕೂಗುವ ನಮ್ಮ ಕಡೆಯ ಧ್ವನಿವರ್ಧಕ ಏಪ್ರಿಲ್‌ನಲ್ಲಿ ಕೆಟ್ಟಿತು, ಅದನ್ನು ಆಗಸ್ಟಾದರೂ ರಿಪೇರಿ ಮಾಡಿಸಲಿಲ್ಲ. ಹಳೆಯ ಮೆಕ್ಯಾನಿಕ್ಕನನ್ನು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ. ಎಲ್ಲಕ್ಕಿಂತ ಹೆಚ್ಚಾಗಿ, ಬಾಡಿಗೆಯ ಸವಾರರಿಗೆ ಅನುಕೂಲವಾಗಲೆಂದು ಹಾದಿಯನ್ನು ಸಿಮೆಂಟಿನಂತೆ ಗಟ್ಟಿಮಾಡಿಸಿದ. ಮೊದಲು ಹೊರಟವನೇ ಮೊದಲು ಮುಟ್ಟುವ ಹಾದಿ ಅದು. ಹಿಂದಿನಿಂದ ಬಂದು, ಹೊರ ಅಂಚಿನ ಸಡಿಲ ಮಣ್ಣು ಹಿಡಿದು ಮುಂದಿನವನನ್ನು ದಾಟುವ ಆ ಸೊಗಸು ಹೋಯಿತು. ಗುಸ್ತೆಕ್‌ಗೆ ಬರುತ್ತಿದ್ದದ್ದು ಅದೊಂದೇ.

ಲುದೋಮಿರ್ ಒಂದು ದಿನ ಆ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಧ್ಯಕ್ಷನ ಕೊಠಡಿಗೆ ಹೋದರು. ನಾನೂ ಜೊತೆಗಿದ್ದೆ. "ಒಂದ್ಸಲ ಮುಟ್ಟಿ ನೋಡಿ ಸಾರ್, ಪುಡಿನೇ ಆಗಲ್ಲ," ಎಂದು ಮೇಜಿನ ಮೇಲೆ ಬಿಚ್ಚಿಟ್ಟರು. ರೊಗಾಲಾ ನಕ್ಕು, ಪೆನ್ನಿನ ತುದಿಯಿಂದ ಕರವಸ್ತ್ರವನ್ನು ಪಕ್ಕಕ್ಕೆ ಸರಿಸಿ, "ಲುದೋಮಿರ್ ಅವರೇ, ನಿಮ್ಮಂಥ ಹಿರಿಯರೇ ನಮ್ಮ ಆಸ್ತಿ. ಆದ್ರೆ ಭಾವನೆಯಿಂದ ಕ್ಲಬ್ ನಡೆಯಲ್ಲ ನೋಡಿ," ಎಂದ. ಹೊರಬಂದ ಮೇಲೆ ಲುದೋಮಿರ್ ಆ ಮಣ್ಣನ್ನು ಮತ್ತೆ ಗಂಟು ಕಟ್ಟಿಕೊಂಡರು. ಅವಮಾನವಾಗಿತ್ತು. "ಮುಟ್ಟಲೇ ಇಲ್ವಲ್ಲೋ," ಎಂದಷ್ಟೇ ಅಂದರು.

ಆಗಸ್ಟಿನ ಕೊನೆಗೆ ಎರಡನೇ ತಿರುವಿನವರ ತಾಳ್ಮೆ ಕೆಟ್ಟಿತು. ನಮ್ಮ ಮುಂದಾಳು ಬೊಝೆನಾ, ಊರಿನ ಬಸ್ಸು ಓಡಿಸುವಾಕೆ. ಪಂದ್ಯದಲ್ಲಿ ಡೋಲು ಬಾರಿಸಿ ಕೂಗಿ ಕೂಗಿ ಆಕೆಯ ದನಿ ಸೋಮವಾರವೆಲ್ಲ ಇರುತ್ತಿರಲಿಲ್ಲ. ಮುಂದಿನ ಭಾನುವಾರ ಮೊದಲ ಐದು ಓಟ ಎಲ್ಲರೂ ಹಾದಿಗೆ ಬೆನ್ನು ಹಾಕಿ, ತುಟಿ ಬಿಚ್ಚದೆ ನಿಲ್ಲಬೇಕೆಂದು ಆಕೆ ಹೇಳಿದಳು. ಎಲ್ಲರೂ ಒಪ್ಪಿದರು. ಆಮೇಲೆ ಎಲ್ಲರ ಕಣ್ಣೂ ಲುದೋಮಿರ್ ಮೇಲೆ ಬಿತ್ತು.

"ನಿಮ್ಮನ್ನ ಬಿಟ್ಟು ಮಾಡ್ಬಹುದು ತಾತ," ಎಂದಳು ಬೊಝೆನಾ. "ಆದ್ರೆ ನೀವೊಬ್ರೇ ಹಾದಿ ಕಡೆ ಮುಖ ಮಾಡ್ಕೊಂಡು ನಿಂತ್ರೆ, ಆ ಗಾಜಿನ ಕೋಣೇಲಿ ಕೂತೋನು ನೋಡಿ ನಗ್ತಾನೆ. ಅದನ್ನ ನನ್ ಕೈಲಿ ತಡ್ಕೊಳಕ್ಕಾಗಲ್ಲ."

ಐದು ಓಟ ಎಂದರೆ ಇಪ್ಪತ್ತು ಚೌಕ. ನಲವತ್ತೊಂದು ವರ್ಷದಲ್ಲಿ ಇಪ್ಪತ್ತು ಬಿಳಿಯ ಚೌಕ. ಆ ವಾರ ಅವರು ಊಟ ಬಿಟ್ಟರೆಂದು ತೆಯೋಫಿಲಾ ಹೇಳಿದರು. "ಸತ್ತೋರ ಮನೇಲಿ ಕೂತ ಹಾಗೆ ಕೂತಿರ್ತಾರೆ. ಯಾರ್ ಸತ್ರಪ್ಪ ಅಂದ್ರೆ, ಇನ್ನೂ ಸತ್ತಿಲ್ಲ ಕಣೆ ಅಂತಾರೆ."

ಭಾನುವಾರ ಬಂತು. ಸೋನೆಯಂಥ ಬೆಳಕು, ಗಾಳಿಯೇ ಇಲ್ಲ. ಸವಾರರು ಗೆರೆಗೆ ಬಂದು ನಿಂತಾಗ ಎರಡನೇ ತಿರುವಿನ ಆರುನೂರು ಜನ ಸದ್ದಿಲ್ಲದೆ ಹಿಂದಕ್ಕೆ ತಿರುಗಿದರು; ಕೊನೆಯವರಾಗಿ, ಎಡದಿಂದಲೇ ಬಳಸಿ, ಲುದೋಮಿರ್ ಕೂಡ ತಿರುಗಿದರು. ನಮ್ಮೆದುರಿಗೆ ಈಗ ಪಾಪ್ಲರ್ ಮರಗಳು, ಒಗೆದ ಬಟ್ಟೆ ಹರವಿದ ಒಂದು ಹಿತ್ತಲು, ನಮ್ಮನ್ನೇ ಬೆರಗಿನಿಂದ ನೋಡುವ ಒಂದು ಮೇಕೆ. ಬೆನ್ನ ಹಿಂದೆ ನಾಲ್ಕು ಎಂಜಿನ್ನುಗಳು ಒಟ್ಟಿಗೆ ಕಿರುಚಿದವು. ಮಣ್ಣಿನ ಹರಳುಗಳು ಬಂದು ನಮ್ಮ ಬೆನ್ನಿಗೆ ಬಡಿದವು. ಇಷ್ಟು ವರ್ಷ ನೋಡುತ್ತ ಬಂದದ್ದು ಕಾಣದಾದಾಗಲೇ ಅದೆಷ್ಟು ಚೆಲುವೆಂದು ನನಗೆ ಹೊಳೆದದ್ದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣು ತುಂಬಿಬಂತು.

ಪಕ್ಕದಲ್ಲಿ ಲುದೋಮಿರ್ ಕಣ್ಣು ಮುಚ್ಚಿದ್ದರು. ಪೆನ್ಸಿಲ್ ಕೈಯಲ್ಲೇ ಇತ್ತು. ಮೊದಲ ಓಟ ಮುಗಿದು ಸ್ವಲ್ಪ ಹೊತ್ತಿನ ಮೇಲೆ, ಕಳ್ಳತನ ಮಾಡುವವರಂತೆ, ಅವರು ನಾಲ್ಕು ಚೌಕಗಳನ್ನು ತುಂಬಿದರು. ಕಾಣದ್ದನ್ನು ಬರೆಯುತ್ತಿದ್ದರು, ಜೀವಮಾನದಲ್ಲಿ ಮೊದಲ ಬಾರಿಗೆ, ಬರೇ ಎಡಗಿವಿಯನ್ನು ನಂಬಿ. ಎರಡನೆಯ ಓಟ, ಮೂರನೆಯ ಓಟ. ಆಮೇಲೆ ನೋಡಿದಾಗ ಆ ಮೂರೂ ಓಟಗಳ ಹನ್ನೆರಡು ಚೌಕಗಳೂ ಸರಿಯಾಗಿದ್ದವು.

ನಾಲ್ಕನೆಯದರಲ್ಲಿ ನಮ್ಮ ಕಡೆಯಿಂದ ಗುಸ್ತೆಕ್, ಅವನ ಜೊತೆಗೆ ಡೆನ್ಮಾರ್ಕಿನಿಂದ ಕರೆಸಿದ ಬಾಡಿಗೆಯ ಸವಾರ. ಮೊದಲ ತಿರುವಿನಲ್ಲೇ ಆ ದನಿ ಎಲ್ಲಕ್ಕಿಂತ ಮುಂದೆ ಬಂತು. ಒಂದು ಕ್ಷಣ ಗಂಟಲು ಕಟ್ಟಿತು, ಮತ್ತೆ ಬಿಚ್ಚಿಕೊಂಡಿತು. ನಾಲ್ಕು ಸುತ್ತು, ಎಂಟು ತಿರುವು, ಎಂಟು ಸಲ ಅದೇ ಉಸಿರು, ಎಂಟು ಸಲವೂ ಎಲ್ಲರಿಗಿಂತ ಮುಂದೆ. ಲುದೋಮಿರ್ ಮುಖದ ಮೇಲೆ ಆ ಕೂಸಿನ ನಗು ಹರಡಿತು. ಗುಸ್ತೆಕ್ ಹೆಸರಿನ ಮುಂದೆ ಅಗಲವಾಗಿ, ಒತ್ತಿ, ಮೂರು ಎಂದು ಬರೆದರು.

"ಗೆದ್ನಾ?" ಎಂದು ಬೊಝೆನಾ ಉಸಿರಿನಲ್ಲೇ ಕೇಳಿದಳು.

ಅವರು ತಲೆದೂಗಿದರು. ಸುದ್ದಿ ಬಾಯಿಂದ ಬಾಯಿಗಲ್ಲ, ಮೊಣಕೈಯಿಂದ ಮೊಣಕೈಗೆ ಹೋಯಿತು. ಹಾದಿಗೆ ಬೆನ್ನು ಹಾಕಿ ನಿಂತ ಆರುನೂರು ಜನ ಪಾಪ್ಲರ್ ಮರಗಳನ್ನು ನೋಡುತ್ತ, ಸದ್ದಿಲ್ಲದೆ, ಟೋಪಿಗಳನ್ನು ಮೇಲಕ್ಕೆ ಹಾರಿಸಿದರು.

ಐದನೇ ಓಟ ಮುಗಿದು ನಾವು ಮುಂದಕ್ಕೆ ತಿರುಗಿದಾಗ ಅಂಕಫಲಕ ಎದುರಿಗಿತ್ತು. ನಾಲ್ಕನೇ ಓಟ: ಡೆನ್ಮಾರ್ಕಿನವನಿಗೆ ಮೂರು, ಗುಸ್ತೆಕ್‌ಗೆ ಸೊನ್ನೆ.

ಲುದೋಮಿರ್ ಬಿಳುಚಿಕೊಂಡರು. ಫಲಕ ನೋಡಿದರು, ಪತ್ರಿಕೆ ನೋಡಿದರು, ಎಡಗಿವಿಯನ್ನು ಅಂಗೈಯಿಂದ ಒಂದು ಸಲ ಒರೆಸಿಕೊಂಡರು. "ಹೋಯ್ತು ಕಣೋ ಇದೂನೂ," ಎಂದರು ನನಗೆ. ಬೊಝೆನಾ ಮಾತ್ರ ಬೇಲಿಯ ಹತ್ತಿರ ಹೋಗಿ, ಮುಂದಿನ ಓಟಕ್ಕೆ ತಲೆ ತಗ್ಗಿಸಿ ಬೈಕು ತಳ್ಳಿಕೊಂಡು ಬರುತ್ತಿದ್ದ ಗುಸ್ತೆಕ್‌ನನ್ನು ತಡೆದಳು.

"ಏನೋ ಆಯ್ತು ನಿಂಗೆ?"

"ನಂಗೇನಾಯ್ತು?" ಎಂದ ಅವನು, ಹೆಲ್ಮೆಟ್ ತೆಗೆಯದೆಯೇ. "ನನ್ ಎಂಜಿನ್ ಬೆಳಿಗ್ಗೆ ಕಿತ್ತು ಆ ಡೆನ್ಮಾರ್ಕಿನೋನಿಗೆ ಹಾಕಿದ್ರು, ನಂಗೊಂದು ಹಳೇದು ಕೊಟ್ರು. ಅವನದು ಕೆಟ್ಟಿತ್ತಂತೆ. ಕ್ಲಬ್ಬಿಂದು ತಾನೇ, ಯಾರು ಓಡ್ಸಿದ್ರೇನು ಅಂದ್ರು ಅಧ್ಯಕ್ಷರು."

ಎರಡನೇ ತಿರುವಿನವರೆಲ್ಲ, ಈ ಸಲ ಯಾರೂ ಹೇಳದೆಯೇ, ಲುದೋಮಿರ್ ಅವರ ಎಡಗಿವಿಯ ಕಡೆ ತಿರುಗಿ ನೋಡಿದರು.

ಪಂದ್ಯವನ್ನು ನಾವೇ ಗೆದ್ದೆವು. ರೊಗಾಲಾ ಗಾಜಿನ ಕೋಣೆಯಿಂದಿಳಿದು ಎಲ್ಲರ ಕೈಕುಲುಕುತ್ತ ನಮ್ಮ ಕಡೆಗೂ ಬಂದ. "ನೋಡಿದ್ರಾ? ಗೆದ್ವಲ್ಲ! ಇನ್ನೇನು ಬೇಕ್ರಪ್ಪ ನಿಮಗೆ?" ಲುದೋಮಿರ್ ಪತ್ರಿಕೆಯನ್ನು ಬೇಲಿಯ ಮೇಲಿಂದ ಚಾಚಿ, ಆ ಚೌಕದ ಮೇಲೆ ಬೆರಳಿಟ್ಟರು. "ಇಲ್ಲಿ ಒಂದು ತಪ್ಪಿದೆ ಸಾರ್. ನಲವತ್ತೊಂದು ವರ್ಷಕ್ಕೆ ಮೊದಲನೇದು. ನಂದಲ್ಲ ಅದು. ಇಲ್ಲೊಂದು ಸಹಿ ಹಾಕಿ." ಗದ್ದಲದಲ್ಲಿ ರೊಗಾಲಾಗೆ ಕೊನೆಯ ಮಾತಷ್ಟೇ ಕೇಳಿಸಿತು; ಅಭಿಮಾನಿಯೊಬ್ಬ ಹಸ್ತಾಕ್ಷರ ಕೇಳುತ್ತಿದ್ದಾನೆಂದು ಹಿಗ್ಗಿ, ಗುಸ್ತೆಕ್‌ನ ಮೂರರ ಪಕ್ಕದಲ್ಲೇ, ಉದ್ದನೆಯ ಬಾಲವೆಳೆದು ಸಹಿ ಹಾಕಿದ. ಲುದೋಮಿರ್ ಅದನ್ನು ಮಡಿಚಿ ಒಳಜೇಬಿನಲ್ಲಿಟ್ಟುಕೊಂಡರು. ಆಮೇಲೆ ಆ ಮೂರನ್ನು ಅಳಿಸಲು ಯಾರೋ ರಬ್ಬರು ಕೊಡಹೋದರೆ ಬೇಡವೆಂದರು. "ಎಂಜಿನ್ ಗುಸ್ತೆಕ್‌ದು. ಕಿವಿ ಸುಳ್ಳು ಹೇಳಿಲ್ಲ. ಇರ್ಲಿ ಬಿಡು."

ಮುಂದಿನ ಭಾನುವಾರ ಅವರು ಬರುವುದಿಲ್ಲವೆಂದೇ ನಾವು ಹೆದರಿದ್ದೆವು. ಬಂದರು, ಸಂತ ಫ್ಲೋರಿಯಾನನನ್ನು ಬಳಸಿ, ಅದೇ ಕೋಟಿನಲ್ಲಿ. ಧ್ವನಿವರ್ಧಕ ಇನ್ನೂ ಮೂಕವಾಗಿತ್ತು. ಎಂಜಿನ್ ಇನ್ನೂ ಗುಸ್ತೆಕ್‌ಗೆ ಮರಳಿರಲಿಲ್ಲ. "ಇವತ್ತೂ ಬೆನ್ನು ಹಾಕೋಣ್ವಾ ತಾತ?" ಎಂದು ಬೊಝೆನಾ ಕೇಳಿದಳು.

"ಬೇಡಮ್ಮ," ಎಂದರು ಅವರು, ಎಡಕ್ಕೆ ಕತ್ತು ಬಾಗಿಸಿ, ಪೆನ್ಸಿಲ್ ಕೈಗೆ ತೆಗೆದುಕೊಂಡು. "ನಾವು ಒಂದ್ ಗಳಿಗೆ ಆ ಕಡೆ ತಿರುಗಿದ್ದಕ್ಕೆ ಅವ್ರು ಮಾಡಿದ್ದು ಕಣ್ಣಿಗೇ ಬೀಳ್ಲಿಲ್ಲ ನೋಡು. ಇವತ್ತು ಕಣ್ಣು ಬಿಟ್ಕೊಂಡು ನೋಡೋಣ."

ಕ್ಲಬ್ಬುಗಳನ್ನು ನಡೆಸುವವರು ಒಂದು ಜಾತಿ, ಅವುಗಳನ್ನು ನೋಡುವವರು ಇನ್ನೊಂದು. ನಡೆಸುವವರು ಬಂದು ಹೋಗುತ್ತಾರೆ, ಹೋಗುವಾಗ ಅವರ ಕೋಟುಗಳು ಬಂದಾಗಿನಷ್ಟೇ ಶುಭ್ರವಾಗಿರುತ್ತವೆ. ನೋಡುವವರಿಗೆ ಯಾವ ಅಧಿಕಾರವೂ ಇಲ್ಲ, ಅವರ ಮಾತಿಗೆ ಬೆಲೆಯೂ ಇಲ್ಲ; ಅವರಿಗಿರುವುದು ಒಂದು ಜಾಗ, ಒಂದು ಪೆನ್ಸಿಲ್, ಮತ್ತು ಕಂಡದ್ದನ್ನು ಕಂಡಂತೆ ಬರೆದಿಡುವ ಹಟ. ಅವರು ಬೇಸರಗೊಳ್ಳುತ್ತಾರೆ, ಬೈಯುತ್ತಾರೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲವೆಂದು ಆಣೆ ಮಾಡುತ್ತಾರೆ, ಮತ್ತೆ ಭಾನುವಾರ ಲಿಂಡೆನ್ ಮರಗಳ ನೆರಳಿನಲ್ಲಿ ನಡೆದು ಬರುತ್ತಾರೆ. ಪ್ರೀತಿಸಿದ್ದು ತಮ್ಮದಲ್ಲವೆಂದು ಅವರಿಗೆ ಗೊತ್ತು. ಆದರೆ ಅದರ ಉಸಿರು ಬೇರೆಯವನ ಕೆಳಗೆ ಕೇಳಿಸಿದರೂ ಗುರುತು ಹಿಡಿಯಬಲ್ಲವರು ಅವರೊಬ್ಬರೇ.