ಸೀಗಡಿ ದೋಣಿಯ ಲೂಷಸ್

"ಲೇ ಬೋಳಿಮಗನೆ, ಒಳಗೇ ಮನಿಕ್ಕೊಂಡ್ಯೇನ್ಲಾ? ಇಳಿ! ಏಳು ಗಂಟೆಗೆ ಬಾಗ್ಲು ತೆಗೀಬೇಕು. ನಿಮ್ಮಪ್ಪ ಬಂದು ಹೊರ್ತಾನಾ ಇವನ್ನೆಲ್ಲ?"

ಕಾವಲುಗಾರ ಹಾಲ್ಕಂ ವ್ಯಾನಿನ ಬಾಗಿಲಿಗೆ ಲಾಠಿಯಿಂದ ಬಡಿದ. ಒಳಗೆ ಮಡಚಿ ಪೇರಿಸಿದ್ದ ಓಟಿನ ಮೇಜುಗಳ ನಡುವೆ ಇಬ್ಬರು ಕೈದಿಗಳು ಕೂತಿದ್ದರು. ಮುದುಕ ರೂಬ್ ಮೊದಲು ಇಳಿದ. ಲೂಷಸ್ ಒಂದು ಕಾಲು ಹೊರಗಿಟ್ಟು ತಲೆ ಎತ್ತಿದವನು ಹಾಗೇ ನಿಂತುಬಿಟ್ಟ. ಎದುರಿಗಿದ್ದದ್ದು ಅವನದೇ ಕೇರಿಯ ಕೆಂಪಿಟ್ಟಿಗೆಯ ಚರ್ಚು. ಅವನಿಗೆ ದೀಕ್ಷಾಸ್ನಾನ ಆದದ್ದು ಅಲ್ಲೇ.

ಅಗ್ನಿಶಾಮಕ ಠಾಣೆಯ ಮತಗಟ್ಟೆಯಲ್ಲಿ ಕೆಲಸ ಅಂದಿದ್ದರು. ಅದಕ್ಕೇ ಅವನು ಬರುತ್ತೇನೆಂದು ಕೈ ಎತ್ತಿದ್ದ. ಒಂದು ದಿನ ಹೊರಗಿನ ಗಾಳಿ, ಮಧ್ಯಾಹ್ನಕ್ಕೆ ಹುರಿದ ಕೋಳಿ. ಇವತ್ತು ಅಲಬಾಮದ ಉದ್ದಗಲಕ್ಕೂ ಕಾಂಗ್ರೆಸ್ಸಿಗೆ, ಅಂದರೆ ದೇಶದ ಸಂಸತ್ತಿಗೆ, ಆಳು ಆರಿಸುವ ದಿನ. ಕೋರ್ಟು ಹೇಳಿತೆಂದು ಕ್ಷೇತ್ರದ ಗೆರೆಗಳನ್ನೆಲ್ಲ ಹೊಸದಾಗಿ ಎಳೆದಿದ್ದರು. ಠಾಣೆ ಒಂದು ಕ್ಷೇತ್ರಕ್ಕೆ ಹೋಯಿತು, ಅದರ ಹಿಂದಿನ ಕೇರಿ ಇನ್ನೊಂದಕ್ಕೆ. ಕೇರಿಯವರ ಮತಗಟ್ಟೆ ಚರ್ಚಿಗೆ ಬಂದದ್ದನ್ನು ಕೈದಿಗಳಿಗೆ ಯಾರು ಹೇಳುತ್ತಾರೆ?

"ಏನ್ಲಾ, ದೆವ್ವ ಕಂಡೋನಂಗೆ ನಿಂತೆ?" ರೂಬ್ ಕೇಳಿದ.

"ಇದು ನಮ್ ಚರ್ಚು ಕಣಣ್ಣ."

"ಆಗಿದ್ರೇನೀಗ? ಪ್ರಾರ್ಥನೆ ಮಾಡಾಕೆ ಬಂದಿಲ್ಲ, ಹೊರಾಕೆ ಬಂದಿದೀವಿ. ಎತ್ತು." ಮುದುಕ ಮೇಜಿನ ಧೂಳು ಕೊಡವಿ ನಕ್ಕ. "ಜನಗಣತೀಲಿ ನಮ್ಮನ್ನೂ ಎಣಿಸ್ಕೊಂಡವ್ರೆ ಗೊತ್ತಾ? ನಮ್ ಜೈಲಿನ ಜನ ಸೇರಿನೇ ಈ ಗಾರ್ವಿನ್ ಸಾಯೇಬನ ಕ್ಷೇತ್ರ ತುಂಬಿರಾದು. ಓಟು ಕೊಡ್ರಪ್ಪ ಅಂದ್ರೆ ಮಾತ್ರ ನಾವು ಸತ್ತೋರು."

ಲೂಷಸ್‌ನ ಕಿವಿಗೆ ಈ ಮಾತು ಬೀಳಲೇ ಇಲ್ಲ. ಬಾಗಿಲಿನಿಂದ ರಸ್ತೆವರೆಗೆ ನಿಂತಿದ್ದ ಸಾಲಿನಲ್ಲಿ ಅವನ ಕಣ್ಣು ಒಂದು ಮುಖವನ್ನು ಹುಡುಕುತ್ತಿತ್ತು. ಸಿಗದಿರಲಿ ಎಂದು ಹುಡುಕುತ್ತಿತ್ತು. ಸಿಕ್ಕಿತು. ಮೆಟ್ಟಿಲ ಪಕ್ಕದಲ್ಲೇ, ಭಾನುವಾರದ ನೀಲಿ ಟೋಪಿ ಹಾಕಿಕೊಂಡು ಅವನ ಅವ್ವ ಎರ್ನೆಸ್ಟೀನ್ ನಿಂತಿದ್ದಳು.

ಮುಚ್ಚಿಹೋದ ಗಿರಣಿಯಿಂದ ತಾಮ್ರದ ಕೊಳವೆ ಕಿತ್ತು ಮಾರಿ ಲೂಷಸ್ ಸಿಕ್ಕಿಬಿದ್ದಾಗ ಎರ್ನೆಸ್ಟೀನ್ ಕೇರಿಯವರ ಮುಂದೆ ಒಂದು ಸುಳ್ಳು ಹೇಳಿದ್ದಳು. ಮಗ ದೂರದ ಕೊಲ್ಲಿಯ ಕಡೆ ಸೀಗಡಿ ಹಿಡಿಯುವ ದೋಣಿ ಸೇರಿದ್ದಾನೆ ಅಂತ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಚರ್ಚಿನಲ್ಲಿ ದೂರ ಹೋದವರಿಗಾಗಿ ಪ್ರತಿ ಭಾನುವಾರ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಮನೆಯವರು ಎದ್ದು ನಿಂತು ಹೆಸರು ಹೇಳಬೇಕು. ಅವಳು ಪ್ರತಿ ವಾರ ಎದ್ದು ನಿಂತಳು. ಇಡೀ ಚರ್ಚು ಕಣ್ಣು ಮುಚ್ಚಿ, ದೇವರೇ, ನಮ್ಮ ಲೂಷಸನ ದೋಣಿ ಕಾಪಾಡು ಎಂದು ಬೇಡಿಕೊಂಡಿತು. ಜೈಲಿಗೆ ಒಮ್ಮೆ ಬಂದವಳು ಗಾಜಿನ ಆಚೆಯಿಂದ ಅಂದಿದ್ದಳು: "ಜೈಲಿನ ಬಟ್ಟೇಲಿ ಚರ್ಚಿನೋರ ಕಣ್ಣಿಗೆ ಬೀಳ್ಬ್ಯಾಡ ಮಗಾ. ನಾನು ಆ ಬಾಗ್ಲು ತುಳಿಯಾಕಾಗಲ್ಲ ಆಮೇಲೆ."

"ಏ ಹುಡುಗ! ಮುಹೂರ್ತ ನೋಡ್ಬೇಕೇನೋ ನಿಂಗೆ?"

ಹಾಲ್ಕಂಗೆ ಮೀಸೆ ಈಗಷ್ಟೇ ಚಿಗುರುತ್ತಿತ್ತು. ಲೂಷಸ್ ನಲವತ್ತು ದಾಟಿದವನು. ಅಚ್ಚ ಬಿಳಿ ಅಂಗಿ, ಅಚ್ಚ ಬಿಳಿ ಷರಾಯಿ, ಬೆನ್ನ ಮೇಲೆ ದಪ್ಪಕ್ಷರದಲ್ಲಿ ಕೈದಿ ಎಂಬ ಮುದ್ರೆ. ಎಲ್ಲಿ ಅಡಗಬೇಕು? ಮೇಜು ಎತ್ತಿ ಹೆಗಲಿಗಿಟ್ಟು, ಮುಖ ಆಚೆ ತಿರುಗಿಸಿ ಹೊರಟ.

ರಸ್ತೆಯಂಚಿನಲ್ಲಿ, ಓಟಿಗೆ ನಿಂತಿದ್ದ ಗಾರ್ವಿನ್ ಸಾಹೇಬ ಸಾಲಿನುದ್ದಕ್ಕೂ ಕೈ ಕುಲುಕುತ್ತಾ ಬರುತ್ತಿದ್ದ. "ಚೆನ್ನಾಗಿದೀರಾ ತಾಯಿ? ಮರೀಬೇಡಿ ನನ್ನ." ಅದೇ ಓಘದಲ್ಲಿ ಲೂಷಸ್‌ಗೂ ಕೈ ಚಾಚಿದ. ಲೂಷಸ್ ಮಂಕನಂತೆ ಮೇಜನ್ನು ಸೊಂಟಕ್ಕೊತ್ತಿ ತಾನೂ ಕೈ ನೀಡಿದ. ಸಾಹೇಬನ ಕಣ್ಣಿಗೆ ಆಗ ಬಟ್ಟೆ ಬಿತ್ತು. ಚಾಚಿದ ಕೈ ಹಿಂದೆಳೆದು ತನ್ನ ಕೂದಲನ್ನೇ ಸವರಿಕೊಂಡ.

"ಬುಡಿ ಸಾರ್," ಹಾಲ್ಕಂ ನಕ್ಕ. "ಇವನ್ದು ಓಟೂ ಇಲ್ಲ, ಒಂದೂ ಇಲ್ಲ. ಸುಮ್ನೆ ಕೈ ತೊಳ್ಕೋಬೇಕಾಯ್ತದೆ."

ಸಾಲಿನಲ್ಲಿ ಒಂದಿಬ್ಬರು ಸಾಹೇಬನ ಮುಲಾಜಿಗೆ ನಕ್ಕರು. ಲೂಷಸ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಜನ್ನು ಮುಖಕ್ಕೇ ಅಡ್ಡ ಹಿಡಿದುಕೊಂಡು ದಡದಡನೆ ನಡೆದ. ಮುಂದಿನ ಮೆಟ್ಟಿಲು ಕಾಣಲಿಲ್ಲ. ಎಡವಿ, ಮೇಜಿನ ಸಮೇತ ಮುಗ್ಗರಿಸಿ, ಅವ್ವನ ಕಾಲ ಬುಡದಲ್ಲೇ ಬಿದ್ದ. ಮೇಜಿನ ಕಾಲು ಲಟಕ್ಕನೆ ಮುರಿಯಿತು.

ಪಕ್ಕದಲ್ಲಿದ್ದ ವರ್ನೆಲ್, ಚರ್ಚಿನ ಹಾಡಿನ ಮೇಳದವಳು, ಬಗ್ಗಿ ನೋಡಿದಳು. "ಎರ್ನೆಸ್ಟೀನ್, ಇವ ನಮ್ ಲೂಷಸ್ ಅಲ್ವೇನೆ?"

ಎರ್ನೆಸ್ಟೀನ್ ಚರ್ಚಿನ ಗೋಪುರ ನೋಡುತ್ತಾ ಹೇಳಿದಳು: "ಅಲ್ಲ ಕಣಕ್ಕ. ನನ್ ಮಗ ನೀರ್ ಮೇಲವ್ನೆ."

"ಯಾರನ್ನೋ ಅನ್ಕೊಂಡ್ರಿ ತಾಯಿ," ಅಂದ ಲೂಷಸ್, ನೆಲ ನೋಡುತ್ತಾ. ಅವನ ಎದೆ ಹಗುರಾಯಿತು. ಹೆತ್ತವಳು ತನ್ನನ್ನು ಅಲ್ಲ ಅಂದದ್ದಕ್ಕೆ ತನಗೆ ಹಗುರಾಯಿತಲ್ಲ ಎಂದು ಹೊಳೆದಾಗ ಮೈಯೆಲ್ಲ ನಾಚಿಕೆಯಿಂದ ಉರಿಯಿತು.

ಹಾಲ್ಕಂ ಓಡಿ ಬಂದ. ಲೂಷಸ್‌ನ ಕುತ್ತಿಗೆ ಹಿಡಿದು ಮುಖವನ್ನು ಮುರಿದ ಕಾಲಿನ ಹತ್ತಿರ ಒತ್ತಿದ. "ನೋಡು! ನೋಡ್ಲಾ ಏನ್ ಮಾಡಿದೀಯ! ಯಾವ ಹಾದರಗಿತ್ತಿ ಹೆತ್ಲೋ ನಿನ್ನ? ಬಾಯಿ ಬುಡ್ಲಾ, ಯಾರ್ಲಾ ನಿನ್ನ ಹೆತ್ತೋಳು?"

ಲೂಷಸ್ ಹಲ್ಲು ಕಚ್ಚಿಕೊಂಡ.

"ನಾನು."

ಎರ್ನೆಸ್ಟೀನ್ ಸಾಲು ಬಿಟ್ಟು ಮುಂದೆ ಬಂದಳು.

"ಹಿಂದಕ್ಕೋಗಮ್ಮ. ಕೈದಿ ಹತ್ರ ಬರಂಗಿಲ್ಲ. ಸಾಲು ಬಿಟ್ರೆ ಆಮೇಲೆ ಕೊನೇಲಿ ನಿಲ್ಬೇಕಾಯ್ತದೆ, ನೋಡ್ಕೊ."

"ನಿಂತ್ಕೊತೀನಿ. ಹಾದರಗಿತ್ತಿ ಯಾರು ಅಂತ ಕೇಳಿದ್ಯಲ್ಲಪ್ಪ, ನಾನೇ. ಈಗ ನನ್ ಮುಖ ನೋಡ್ಕೊಂಡು ಇನ್ನೊಂದ್ಸಲ ಅನ್ನು."

ಹಾಲ್ಕಂ ಗಾರ್ವಿನ್ ಸಾಹೇಬನ ಕಡೆ ನೋಡಿದ. ಸಾಹೇಬ ಕಾರು ಎಲ್ಲಿದೆ ಎಂದು ಹುಡುಕುತ್ತಿದ್ದ. ಕುತ್ತಿಗೆಯ ಮೇಲಿನ ಹಿಡಿತ ಸಡಿಲಾಯಿತು.

ಎರ್ನೆಸ್ಟೀನ್ ಸಾಲಿನ ಕಡೆ ತಿರುಗಿದಳು. "ವರ್ನೆಲಕ್ಕ, ಸುಳ್ಳೇಳ್ದೆ. ನಿಮ್ಮೆಲ್ರ ಕೈಲೂ ದೇವ್ರಿಗೆ ಸುಳ್ಳೇಳಿಸ್ದೆ. ಇವ್ನೇ ನನ್ ಮಗ."

ವರ್ನೆಲ್ ಎರ್ನೆಸ್ಟೀನಳ ಮುಖ ನೋಡಲಾರದೆ ಅತ್ತ ತಿರುಗಿಕೊಂಡಳು. ಸಾಲು ಒಂದು ಹೆಜ್ಜೆ ಮುಂದೆ ಸರಿದು ಎರ್ನೆಸ್ಟೀನ್ ಬಿಟ್ಟ ಜಾಗ ಮುಚ್ಚಿಹೋಯಿತು.

ಎರ್ನೆಸ್ಟೀನ್ ಬಗ್ಗಿ ಮೇಜಿನ ಮುರಿದ ಬದಿ ಹಿಡಿದಳು. "ಏಳು. ಆ ಕಡೆ ಹಿಡ್ಕೊ."

"ಬ್ಯಾಡ ಬುಡವ್ವ. ಎಲ್ರೂ ನೋಡ್ತಾವ್ರೆ."

"ನೋಡ್ಲಿ. ತಲೆ ಎತ್ತು."

ಇಬ್ಬರೂ ಮೇಜು ಹೊತ್ತು, ಕೇರಿಯವರ ನಡುವೆ ಒಂದೊಂದೇ ಮೆಟ್ಟಿಲು ಹತ್ತಿದರು. "ತಲೆ ಎತ್ತು ಮಗಾ," ಅವ್ವ ಮತ್ತೆ ಅಂದಳು, ಎಲ್ಲರಿಗೂ ಕೇಳುವಂತೆ. ಬಾಗಿಲು ದಾಟುವವರೆಗೂ ಹೇಳುತ್ತಲೇ ಇದ್ದಳು. ಲೂಷಸ್‌ನಿಂದ ಆಗಲಿಲ್ಲ.