ಬಿಗಿ ಚೈನು, ಮೊಂಡು ಮಾವ

ಗುಡ್ಡದ ದಾರಿಯಲ್ಲಿ ಚೈನು ಮತ್ತೆ ತುಂಡಾಯಿತು. ನರ್ಸಮ್ಮ ಬೈಕನ್ನು ಬಂಡೆಗೆ ಒರಗಿಸಿ, ಲಸಿಕೆಯ ತಂಪುಪೆಟ್ಟಿಗೆಯನ್ನು ಹೆಗಲಿಗೇರಿಸಿ ನಡೆದೇ ಹತ್ತಿದಳು. ಮೇಲೆ ತಲುಪುವಷ್ಟರಲ್ಲಿ ಪೆಟ್ಟಿಗೆಯೊಳಗಿನ ಮಂಜುಗಡ್ಡೆ ಕರಗಿ, ನೀರೂ ಬೆಚ್ಚಗಾಗಿತ್ತು. ಅಂಥ ಲಸಿಕೆ ಚುಚ್ಚುವ ಹಾಗಿಲ್ಲ. ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾದಿದ್ದ ತಾಯಂದಿರು ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಮರಳಿದರು.

ಸಂಜೆ ಆಸ್ಪತ್ರೆಯ ದೊಡ್ಡ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. "ಇನ್ನೊಂದು ಸಲ ಲಸಿಕೆ ಹಾಳಾದ್ರೆ ಗುಡ್ಡದ ಕೆಲಸ ಜೀಪಿಗೆ ಕೊಡ್ತೀನಿ. ನೀವು ಇಲ್ಲೇ ಕೂತು ಚೀಟಿ ಬರೀರಿ."

ಜೀಪು ಗುಡ್ಡದ ಬುಡದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲು, ಕೊರಕಲು, ಹಳ್ಳ. ಹಸುಗೂಸನ್ನು ಎತ್ತಿಕೊಂಡು ಅಷ್ಟು ದೂರ ಇಳಿದು ಬರುವವರು ಯಾರು? ಯಾರೂ ಬರುವುದಿಲ್ಲ. ಮೇಲಿನ ಮಕ್ಕಳಿಗೆ ಲಸಿಕೆ ತಪ್ಪಿತೆಂದೇ ಲೆಕ್ಕ.

ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕೆರಳಿದವನು ಅವಳ ಮಾವ. ಬಸ್ಸು ಓಡಿಸಿಯೇ ತಲೆ ನರೆಸಿಕೊಂಡ ಮನುಷ್ಯ. ನಿವೃತ್ತನಾದರೂ ಊರಿಗೆಲ್ಲ ಇನ್ನೂ ಡ್ರೈವರಣ್ಣನೇ.

"ಜೀಪಂತೆ ಜೀಪು! ಅದಕ್ಕೇನು ರೆಕ್ಕೆ ಇದೆಯಾ?" ಎಂದು ಅಂಗಳದಲ್ಲೇ ಕೂಗಾಡಿದ. "ನನ್ನ ಸೊಸೆ ಥರ ಆ ದಾರೀಲಿ ಓಡಿಸೋ ಗಂಡಸು ಒಬ್ಬ ಇದ್ರೆ ಕರ್ಕೊಂಡು ಬರ್ಲಿ, ನೋಡೋಣ!"

"ಗಂಟಲು ಹರ್ಕೋಬೇಡಿ. ಡಾಕ್ಟ್ರಿಗೆ ಇಲ್ಲಿಂದ ಕೇಳ್ಸಲ್ಲ," ಎಂದಳು ಅತ್ತೆ.

ಬೈಕಿನ ಆರೈಕೆಯೆಲ್ಲ ಡ್ರೈವರಣ್ಣನದೇ. ಸೊಸೆಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಲಡಬಡ ಸದ್ದು ಮಾಡುವ ಗಾಡಿ ಕಂಡರೆ ಅವನಿಗೆ ಮೈಯೆಲ್ಲ ಉರಿ. ಗಾಡಿ ಸದ್ದು ಮಾಡಿದರೆ ಮಾನ ಹೋಗುವುದು ಚಾಲಕನದು ಎಂದು ನಂಬಿದವನು. ಆದ್ದರಿಂದ ವಾರವಾರ ಬೈಕನ್ನು ಸ್ಟ್ಯಾಂಡಿಗೇರಿಸಿ, ಪಾನಾ ಹಿಡಿದು, ಚೈನು ಒಂದಿಷ್ಟೂ ಅಲ್ಲಾಡದ ಹಾಗೆ ಬಿಗಿದು, ಮೇಲೆ ಗ್ರೀಸು ಮೆತ್ತುತ್ತಿದ್ದ. ಮಗುವಿಗೆ ಎಣ್ಣೆ ಹಚ್ಚುವವರೂ ಅಷ್ಟು ಪ್ರೀತಿಯಿಂದ ಹಚ್ಚುವುದಿಲ್ಲ. ಈಗಲೂ ಹೊಸ ಚೈನು ತಂದು ಹಾಗೆಯೇ ಬಿಗಿದಿಟ್ಟ.

ಮರುದಿನ ನರ್ಸಮ್ಮ ತನ್ನ ಗೆಳತಿಯನ್ನು ಮನೆಗೆ ಕರೆತಂದಳು. ಮಣ್ಣಿನ ಮೈದಾನದ ರೇಸುಗಳಲ್ಲಿ ಬೈಕು ಓಡಿಸಿ, ಕೊನೆಗೊಮ್ಮೆ ಭುಜ ಮುರಿದುಕೊಂಡು, ಈಗ ಗ್ಯಾರೇಜು ಇಟ್ಟವಳು. ಧೂಳಕ್ಕ ಎಂದೇ ಹೆಸರು. ಬಾಯಿ ಜೋರು. ಬಂದವಳೇ ಚೈನಿನ ಕೆಳಗೆ ಬೆರಳಿಟ್ಟು ಒತ್ತಿದಳು.

"ಅಯ್ಯಯ್ಯೋ, ಇದೇನು ಚೈನೋ ಕಬ್ಬಿಣದ ಸರಳೋ?"

"ಹೇಗಿದೆ? ಒಂದು ಚೂರೂ ಅಲ್ಲಾಡಲ್ಲ," ಎಂದು ಡ್ರೈವರಣ್ಣ ಮೀಸೆ ತಿರುವಿದ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಚೈನು ತುಂಡು ಮಾಡ್ತಿರೋದು ಗುಡ್ಡದ ಕಲ್ಲಲ್ಲ. ನೀವು."

ಡ್ರೈವರಣ್ಣನ ಕಿವಿ ಕೆಂಪಾಯಿತು. "ನಾನು ಸ್ಟೀರಿಂಗ್ ಹಿಡಿದಾಗ ನೀನು ಹುಟ್ಟೇ ಇರ್ಲಿಲ್ಲ! ನನಗೆ ಪಾಠ ಹೇಳೋಕೆ ಬಂದ್ಯಾ?"

"ಸರಿ. ಬಸ್ಸಿಗೆ ಚೈನು ಎಲ್ಲಿತ್ತು ಅಣ್ಣಾ?"

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ಡ್ರೈವರಣ್ಣ ಸೋಲುವವನೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಬಿಗಿ ಇದ್ರೆ ಗಟ್ಟಿ, ಸಡಿಲ ಇದ್ರೆ ಲೊಟ್ಟೆ. ಇದು ಯಾವ ಗಾಡಿಗಾದ್ರೂ ಒಂದೇ," ಎಂದ.

"ಹಾಗಾದ್ರೆ ನಿಮ್ಮ ಬೆರಳನ್ನೇ ಕೇಳೋಣ," ಎಂದಳು ಧೂಳಕ್ಕ. ಇಂಜಿನ್ ಆಫ್ ಇದೆಯೆಂದು ನೋಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ನರ್ಸಮ್ಮನನ್ನು ಕೂರಿಸಿದಳು. ಹಿಂದೆ ಅತ್ತೆಯನ್ನು ಹತ್ತಿಸಿದಳು. ಅತ್ತೆ ಬೈಕು ಹತ್ತಿದ್ದು ಅದೇ ಮೊದಲು. "ಅಮ್ಮಮ್ಮಾ, ಬೀಳ್ತೀನಿ ಕಣೇ!" ಎಂದು ಸೊಸೆಯ ಸೊಂಟ ತಬ್ಬಿಕೊಂಡಳು. ಧೂಳಕ್ಕ ಸೀಟನ್ನು ಇನ್ನಷ್ಟು ಕೆಳಕ್ಕೆ ಒತ್ತಿದಾಗ ಬೈಕು ಹಿಂಬದಿಯಲ್ಲಿ ಕುಗ್ಗಿತು.

"ಈಗ ಮುಟ್ಟಿ ನೋಡಿ."

ಡ್ರೈವರಣ್ಣ ಬಗ್ಗಿ ಮುಟ್ಟಿದ. ಮೊದಲೇ ಬಿಗಿಯಿದ್ದ ಚೈನು ಇನ್ನೂ ಸೆಟೆದಿತ್ತು. ಒಳಗೆಲ್ಲೋ ಕಟಕಟ ಎಂದಿತು. ಅವನು ಸಟ್ಟನೆ ಬೆರಳು ಹಿಂದಕ್ಕೆಳೆದುಕೊಂಡ.

"ಕಲ್ಲುದಾರಿ ಬೈಕಿಗೆ ಹಿಂದಿನ ಚಕ್ರ ಮೇಲೆ ಕೆಳಗೆ ತುಂಬಾ ಆಡುತ್ತೆ," ಎಂದಳು ಧೂಳಕ್ಕ. "ಹೊಂಡಕ್ಕೆ ಬಿದ್ದಾಗ ಅದು ಚೈನನ್ನ ಎಳೆಯುತ್ತೆ. ಎಳೆಯೋಕೆ ಜಾಗ ಇಲ್ದಿದ್ರೆ ಹರಿಯುತ್ತೆ. ನಿಂತಾಗ ಮೈಗೆ ಸರಿಯಾಗಿರೋ ಪ್ಯಾಂಟು ಹಾಕ್ಕೊಂಡು ಕುಕ್ಕರುಗಾಲಲ್ಲಿ ಕೂತು ನೋಡಿ, ಏನಾಗುತ್ತೆ ಅಂತ."

"ನಮ್ಮನೆಯವರಿಗೆ ಅದರ ಅನುಭವ ಆಗಿದೆ," ಎಂದಳು ಅತ್ತೆ ಬೈಕಿನ ಮೇಲಿಂದಲೇ.

ಧೂಳಕ್ಕ ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಹಲ್ಲಿನ ಚಕ್ರ ತೋರಿಸಿದಳು. ಹಲ್ಲುಗಳು ಸವೆದು ಒಂದೇ ಕಡೆಗೆ ಕೊಕ್ಕೆಯ ಹಾಗೆ ಬಾಗಿದ್ದವು. "ಹಳೇ ಹಲ್ಲಿನ ಚಕ್ರಕ್ಕೆ ಹೊಸ ಚೈನು ಹಾಕಿದ್ರೆ ಅದು ಚೈನನ್ನೂ ತಿಂದುಹಾಕುತ್ತೆ. ಮುಂದಿನ ಹಲ್ಲಿನ ಚಕ್ರ, ಹಿಂದಿಂದು, ಚೈನು, ಮೂರೂ ಒಟ್ಟಿಗೆ ಬದಲಾಯಿಸ್ಬೇಕು. ಈ ಗ್ರೀಸಿಗೆ ಮರಳು ಅಂಟ್ಕೊಂಡು ಸಾಣೆಕಲ್ಲು ಆಗಿದೆ. ಒರೆಸಿ, ಚೈನಿಗೆ ಅಂತಾನೇ ಸಿಗೋ ಎಣ್ಣೆ ತೆಳ್ಳಗೆ ಹಚ್ಚಿ."

ಮಧ್ಯಾಹ್ನದೊಳಗೆ ಮೂರೂ ಹೊಸದಾದವು. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದಷ್ಟೇ ಸಡಿಲ ಬಿಟ್ಟಳು. ಅದು ಹೆಚ್ಚುಕಡಿಮೆ ಮೂರು ಬೆರಳು ತೂರುವಷ್ಟಾಯಿತು. ಅತ್ತೆಯನ್ನು ಮತ್ತೆ ಹತ್ತಿಸಿ, ಸೀಟು ಒತ್ತಿ ನೋಡಿದರು. ಚೈನು ಬಿಗಿಯಿತು, ಆದರೂ ಬೆರಳಿಗೆ ಚೂರು ಆಡಿತು. ಧೂಳಕ್ಕ ನರ್ಸಮ್ಮನಿಗೆ ಚೈನಿನ ತುದಿ ಕೂಡಿಸುವುದನ್ನು ಹೇಳಿಕೊಟ್ಟು, ಸೀಟಿನ ಕೆಳಗೆ ಒಂದು ಲಾಕು, ಒಂದು ಇಕ್ಕಳ ಇಟ್ಟಳು. ಡ್ರೈವರಣ್ಣ ಪಾನಾ ಒರೆಸಿಟ್ಟು, ಅಂಗಿ ಬದಲಾಯಿಸಿ, ನೆಟ್ಟಗೆ ಆಸ್ಪತ್ರೆಗೆ ಹೋದ.

"ಡಾಕ್ಟ್ರೇ, ಚೈನು ಕಿತ್ತಿದ್ದು ನನ್ನ ಕೈ. ಶಿಕ್ಷೆ ಅವಳಿಗ್ಯಾಕೆ? ನಾಳೆ ಅವಳು ಗುಡ್ಡಕ್ಕೆ ಹೋಗ್ತಾಳೆ. ಪೆಟ್ಟಿಗೆ ಹಿಡ್ಕೊಂಡು ಹಿಂದೆ ನಾನು ಕೂತ್ಕೋತೀನಿ."

"ನೀವಾ? ಆ ದಾರೀಲಾ?"

"ಯಾಕೆ, ನಾನೇನು ಉಪ್ಪಿನ ಗೊಂಬೆನಾ, ಕರಗೋಕೆ?"

ಬೆಳಗ್ಗೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟರು. ಸೊಸೆಯ ಬೆನ್ನ ಹಿಂದೆ ಕುಳಿತ ಡ್ರೈವರಣ್ಣನನ್ನು ನೋಡಿ ಬೀದಿಯವರೆಲ್ಲ ಹಲ್ಲು ಕಿರಿದರು. ಅವನು ತಲೆ ಇನ್ನಷ್ಟು ಎತ್ತಿದ. ಗುಡ್ಡ ಶುರುವಾದ ಮೇಲೆ ಮಾತ್ರ ಬ್ರೇಕೇ ಇಲ್ಲದ ಕಡೆ ಬ್ರೇಕು ಒತ್ತುತ್ತ, ಹಲ್ಲು ಕಚ್ಚಿ ಕುಳಿತ. ಕೊರಕಲು ಹಾರಿದರು, ಹಳ್ಳ ದಾಟಿದರು, ಚೈನು ಜಗ್ಗಲಿಲ್ಲ.

ಕಡಿದಾದ ಏರಿನಲ್ಲಿ ಕಲ್ಲೊಂದು ಚಿಮ್ಮಿ ಬಡಿಯಿತು. ಟಣ್! ಚೈನಿನ ತುದಿಗಳನ್ನು ಕೂಡಿಸುವ ಲಾಕು ಹಾರಿಹೋಯಿತು. ಇಂಜಿನ್ ಗುರ್ರೆಂದಿತು, ಚಕ್ರ ಮಾತ್ರ ತಿರುಗಲಿಲ್ಲ. ಡ್ರೈವರಣ್ಣ ಧುಮುಕಿದವನೇ, ಪೆಟ್ಟಿಗೆ ನೆಲಕ್ಕಿಟ್ಟು, ಜೋತಾಡುವ ಚೈನಿಗೆ ಕೈ ಹಾಕಿದ.

"ಇಂಜಿನ್ ಇರ್ಲಿ! ಮೆಲ್ಲಗೆ ಗೇರು ಹಾಕು, ನಾನು ಸೇರಿಸ್ಬಿಡ್ತೀನಿ!"

"ಮಾವ, ಕೈ ತೆಗೀರಿ!"

ಮನೆಗೆ ಬಂದಂದಿನಿಂದ ಅವಳು ಮಾವನ ಎದುರು ದನಿ ಎತ್ತಿದವಳಲ್ಲ. ಈಗ ಗುಡ್ಡವೇ ಕೇಳುವಂತೆ ಕಿರುಚಿದ್ದಳು. ಅವನು ಬೆಚ್ಚಿ ಕೈ ತೆಗೆದ.

"ಬೆರಳು ಹಲ್ಲಿಗೆ ಸಿಕ್ರೆ ಅದು ಡ್ರೈವರಣ್ಣಂದೋ ಬೇರೆಯವರದ್ದೋ ಅಂತ ಚೈನು ಕೇಳಲ್ಲ. ಕತ್ತರಿಸಿ ಹಾಕುತ್ತೆ." ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು ಅವನ ಅಂಗೈಗೆ ಹಾಕಿದಳು. "ಪೆಟ್ಟಿಗೆ ನೆರಳಿಗೆ ಒಯ್ಯಿರಿ. ಮುಚ್ಚಳ ತೆಗೀಬೇಡಿ."

ಅವನು ತೆಪ್ಪಗೆ ಬಂಡೆಯ ನೆರಳಲ್ಲಿ ಪೆಟ್ಟಿಗೆ ತಬ್ಬಿಕೊಂಡು ಕುಳಿತ.

ಅವಳು ಮೊದಲು ಮುಂದಿನ ಹಲ್ಲಿನ ಚಕ್ರಕ್ಕೆ ಚೈನು ಸುತ್ತಿಕೊಂಡಿದೆಯೇ, ಇಂಜಿನ್ನಿನ ಹೊರಕವಚ ಬಿರಿದು ಎಣ್ಣೆ ಸೋರುತ್ತಿದೆಯೇ ಎಂದು ನೋಡಿದಳು. ಇಲ್ಲ. ಚೈನಿನ ಎರಡು ತುದಿಗಳನ್ನೂ ಹಿಂದಿನ ಹಲ್ಲಿನ ಚಕ್ರದ ಮೇಲೆ ತಂದು ಎದುರುಬದುರು ಕೂರಿಸಿದಳು. ಸೀಟಿನ ಕೆಳಗಿಂದ ಅದೇ ಅಳತೆಯ ಇನ್ನೊಂದು ಲಾಕು ತೆಗೆದು ತೂರಿಸಿ, ಇಕ್ಕಳದಿಂದ ಅದರ ಮೀನಿನಾಕಾರದ ಕ್ಲಿಪ್ಪು ಒತ್ತಿದಳು.

"ಅದರ ಬಾಯಿ ಯಾವ ಕಡೆ?" ಎಂದು ಡ್ರೈವರಣ್ಣ ಮೆಲ್ಲಗೆ ಕೇಳಿದ.

"ಮೀನು ಈಜೋ ಹಾಗೆ ಮಾವ. ಮುಚ್ಚಿರೋ ತಲೆ ಚೈನು ಓಡೋ ದಿಕ್ಕಿಗೆ, ಸೀಳಿರೋ ಬಾಲ ಹಿಂದಕ್ಕೆ. ಉಲ್ಟಾ ಹಾಕಿದ್ರೆ ಕಲ್ಲು ತಗಲಿ ಕಳಚುತ್ತೆ. ಈಗ ಹಾರಿಹೋಗಿದ್ದೂ ಅದಕ್ಕೇ ಇರ್ಬೇಕು. ಮನೇಲಿ ಹಾಕಿದ್ದು ಯಾರು?"

ಡ್ರೈವರಣ್ಣ ಆಕಾಶ ನೋಡಿದ. ಧೂಳಕ್ಕ ಕೈ ತೊಳೆಯಲು ಹೋದಾಗ, ಕೊನೆಯ ಕ್ಲಿಪ್ಪನ್ನಾದರೂ ತಾನೇ ಹಾಕಬೇಕೆಂದು ಹಾಕಿದ್ದ.

ಮೇಲೆ ಮುಟ್ಟಿ ಮುಚ್ಚಳ ತೆಗೆದಾಗ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿತ್ತು. ಸಾಲಾಗಿ ಮಕ್ಕಳು ಸೂಜಿ ಚುಚ್ಚಿಸಿಕೊಂಡು ಸಾಲಾಗಿ ಕಿರುಚಿದವು. ಅಷ್ಟು ಅಳು ಕೇಳಿ ಡ್ರೈವರಣ್ಣ ಅಷ್ಟು ಸಂತೋಷಪಟ್ಟದ್ದು ಹಿಂದೆಂದೂ ಇಲ್ಲ.

ಸಂಜೆ ಡಾಕ್ಟರು ಹುಬ್ಬು ಗಂಟಿಕ್ಕಿ ಕೇಳಿದರು. "ಮತ್ತೆ ಚೈನು ಕಳಚಿತಂತೆ?"

"ಕಳಚಿತು," ಎಂದಳು ನರ್ಸಮ್ಮ. "ನಾನೇ ಹಾಕಿದೆ. ಎಲ್ಲಾ ಮಕ್ಕಳಿಗೂ ಲಸಿಕೆ ಕೊಟ್ಟು ಬಂದೆ. ಗುಡ್ಡ ಯಾರಿಗೂ ಬಿಟ್ಟುಕೊಡಲ್ಲ ಸಾರ್."

ಡಾಕ್ಟರು ಖಾಲಿ ಪೆಟ್ಟಿಗೆ ನೋಡಿದರು, ಅವಳ ಕಪ್ಪಾದ ಕೈ ನೋಡಿದರು. "ಆಯ್ತು. ಮುಂದಿನ ಸಲಾನೂ ನೀವೇ ಹೋಗಿ," ಎಂದರು.

ಮನೆಗೆ ಬರುವಾಗ ಚಹಾದಂಗಡಿಯವನು ಕೂಗಿದ. "ಏನ್ ಡ್ರೈವರಣ್ಣ, ಸೊಸೆ ಹಿಂದೆ ಸವಾರಿನಾ?"

"ಹೂಂ ಕಣಯ್ಯ," ಎಂದು ಡ್ರೈವರಣ್ಣ ಅದಕ್ಕಿಂತ ಜೋರಾಗಿ ಕೂಗಿದ. "ಹೊಟ್ಟೆಕಿಚ್ಚು ಪಡಬೇಡ. ಹಿಂದೆ ಇರೋದು ಒಂದೇ ಸೀಟು, ಅದು ನಂದು!"

ಕಲ್ಲುದಾರಿಯಲ್ಲಿ ಬೈಕು ಓಡಿಸುವ ಅಕ್ಕಂದಿರೇ, ಅಣ್ಣಂದಿರೇ, ಅವರ ಬೈಕನ್ನು ಪ್ರೀತಿಯಿಂದ ಬಿಗಿಯುವ ಮಾವಂದಿರೇ, ಹೊರಡುವ ಮೊದಲು ಒಮ್ಮೆ ಬಗ್ಗಿ ಚೈನು ಮುಟ್ಟಿ ನೋಡಿ. ಪುಸ್ತಕ ಹೇಳಿದಷ್ಟು ಸಡಿಲ ಇರಲಿ. ಹಲ್ಲು ಬಾಗಿದ್ದರೆ ಹಲ್ಲಿನ ಚಕ್ರಗಳನ್ನೂ ಬದಲಾಯಿಸಿ. ಸೀಟಿನ ಕೆಳಗೆ ನಿಮ್ಮ ಚೈನಿನ ಅಳತೆಯದೇ ಒಂದು ಲಾಕು, ಒಂದು ಇಕ್ಕಳ ಇರಲೇಬೇಕು. ಏನೇ ಅವಸರವಿರಲಿ, ಇಂಜಿನ್ ಆಫ್ ಮಾಡಿ ಕೀಲಿ ತೆಗೆಯದೆ ಚೈನಿಗೆ ಕೈ ಹಾಕಬೇಡಿ. ಚೈನು ಬೇರೆ ಸಿಗುತ್ತದೆ, ಬೆರಳು ಸಿಗುವುದಿಲ್ಲ. ಇಷ್ಟು ಮಾಡಿಯೂ ಯಾರಾದರೂ "ನಿನ್ನ ಕೈಲಾಗಲ್ಲ, ದಾರಿ ಬಿಡು" ಎಂದರೆ ಬಿಡಬೇಡಿ. ಗೇರು ಹಾಕಿ, ಹತ್ತಿ.